ಮುಖಪುಟಕ್ಕೆ ಚಿತ್ರ ಬೇಕೇ?

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ನಮ್ಮೂರಿನ ಹಳೆಯ ಬಾವಿ ತಾಜ್ ಬಾವಡಿ ಕುರಿತ ಪ್ರಬಂಧವನ್ನು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಬರಹ ಕೈಪಿಡಿಯ ಏಳನೆಯ ಆವೃತ್ತಿಯ ಕ್ರಮದಲ್ಲಿ ಒಪ್ಪಿಸಬೇಕಿದೆ. ಮುಖಪುಟಕ್ಕೆ ಬಾವಡಿಯ ಚಿತ್ರ, ಬಣ್ಣದ ಅಂಚು ಹಾಕಬಹುದೇ?
– ಓದುಗಳು, ವಿಜಯಪುರ

ಉತ್ತರ: ಬೇಡವಮ್ಮ. ಝೆರಾಕ್ಸ್ ಅಂಗಡಿಯವರು ಹೂಬಳ್ಳಿ ಹಾಕಿಕೊಡುತ್ತೇವೆಂದರೂ ಒಪ್ಪಬೇಡಿ. ಚಿತ್ರಕ್ಕೆ ಸಂಖ್ಯೆ ಕೊಟ್ಟು ಒಳಗಿನ ಪುಟದಲ್ಲಿ ಬಳಸಿ.

ಮೇಲಿನಿಂದ ಮೂರು ನಾಲ್ಕು ಸಾಲು ಬಿಟ್ಟು, ಶೀರ್ಷಿಕೆಯನ್ನು ಪುಟದ ನಡುವೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಒಂದು ಸಾಲು ಖಾಲಿ ಬಿಟ್ಟು ನಿಮ್ಮ ಹೆಸರು. ಕೆಳಗೆ ವಿಭಾಗ ಮತ್ತು ವಿಶ್ವವಿದ್ಯಾಲಯ, ಪತ್ರಿಕೆಯ ಸಂಕೇತ ಹಾಗೂ ಹೆಸರು, ಅಧ್ಯಾಪಕರ ಹೆಸರು, ಒಪ್ಪಿಸುವ ದಿನಾಂಕ. ಎಲ್ಲವೂ ಡಬಲ್ ಸ್ಪೇಸ್, ನಾಲ್ಕೂ ಕಡೆ 1 ಇಂಚು ಜಾಗ, ಬಲ ಮೇಲ್ತುದಿಯಲ್ಲಿ ಪುಟಸಂಖ್ಯೆ. ನಿಮ್ಮ ಹೆಸರಿನೊಂದಿಗೆ ಕುಮಾರಿ, ಬಿ.ಎ., ಬಿ.ಇಡಿ. ಯಾವುದೂ ಬೇಡ.

ಶೀರ್ಷಿಕೆಗೆ ಮಾತ್ರ ಸಾಕಷ್ಟು ಸಮಯ ಕೊಡಿ. ‘ತಾಜ್ ಬಾವಡಿ: ಒಂದು ಅಧ್ಯಯನ’ ಎಂಬಂಥವು ನನಗೆ ಬೇಸರ ತರಿಸುತ್ತವೆ, ಏನನ್ನು ಅಧ್ಯಯನ ಮಾಡಿದ್ದೀರಿ ಎಂಬುದೇ ಅಲ್ಲಿಲ್ಲ. ‘ಆದಿಲ್‌ಶಾಹಿ ವಿಜಯಪುರದ ನೀರಿನ ವ್ಯವಸ್ಥೆಯಲ್ಲಿ ತಾಜ್ ಬಾವಡಿಯ ಪಾತ್ರ’ ಎಂದು ಬರೆದು ನೋಡಿ, ನಿಮ್ಮ ದುಡಿಮೆಗೆ ತಕ್ಕ ಮುಖ ಸಿಗುತ್ತದೆ. ಅದೇ ಶೀರ್ಷಿಕೆ ಮುಖ್ಯ ಬರಹದ ಮೊದಲ ಪುಟದ ಮೇಲೂ ಬರಬೇಕು. ವಿಭಾಗವೇ ಬೇರೆ ನಮೂನೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.