ಮನೆಯ ಮಿಲ್ಲಿಂಗ್ ಯಂತ್ರಕ್ಕೆ ಎಷ್ಟು ವ್ಯಾಟ್‌ನ ಸರ್ವೋ?

ಪ್ರಶ್ನೆ: ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿದ್ದು ನಿವೃತ್ತನಾಗಿದ್ದೇನೆ. ಮನೆಯಲ್ಲಿರುವ ಚಿಕ್ಕ ಮಿಲ್ಲಿಂಗ್ ಯಂತ್ರವನ್ನು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವಂಥದು) ಮಾಡಿಕೊಳ್ಳುವ ಆಸೆಯಿದೆ. ವೈಸ್ ಸೇರಿ ಟೇಬಲ್ಲಿನ ತೂಕ ಸುಮಾರು 60 ಕಿಲೋ. ಸ್ಕ್ರೂಗಳ ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ) 5 ಮಿ.ಮೀ.; ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದರೆ 0.2 ಮಿ.ಮೀ. ಸಡಿಲ ಕಾಣುತ್ತದೆ. ಮಾರಾಟಗಾರರೊಬ್ಬರು ಮೂರು ಅಕ್ಷಗಳಿಗೂ 1 ಕಿಲೋವ್ಯಾಟ್ ಸರ್ವೋ (ಎಷ್ಟು ತಿರುಗಿತೆಂದು ಅಳೆದು ತಿದ್ದಿಕೊಳ್ಳುವ ಮೋಟಾರು) ಹಾಕಿಸಲು ಹೇಳುತ್ತಾರೆ. ಮನೆಯಲ್ಲಿರುವುದು ಸಿಂಗಲ್ ಫೇಸ್. ನಡೆಸಬೇಕೆಂದಿರುವುದು ಹಳೆಯ ಕಂಪ್ಯೂಟರಿನ ಪ್ಯಾರಲಲ್ ಪೋರ್ಟಿನಿಂದ (ಹಿಂದೆ ಪ್ರಿಂಟರ್ ಜೋಡಿಸುತ್ತಿದ್ದ ಕಿಂಡಿ). ಯಾವ ಮೋಟಾರು, ಅದನ್ನು ನಡೆಸುವ ಯಾವ ಡ್ರೈವ್ ಕೊಳ್ಳಲಿ?
— ಓದುಗರು, ಚಿಂಚವಡ, ಪುಣೆ

ಉತ್ತರ: ಮೋಟಾರಿಗಿಂತ ಮೊದಲು ಆ 0.2 ಮಿ.ಮೀ. ಸಡಿಲದ ವಿಚಾರ. ಸರ್ವೋದ ಎನ್‌ಕೋಡರ್ ಇರುವುದು ಮೋಟಾರಿನ ಹಿಂಬದಿಯಲ್ಲಿ. ಅದು ಅಳೆಯುವುದು ಶಾಫ್ಟ್ ಎಷ್ಟು ತಿರುಗಿತೆಂಬುದನ್ನೇ ಹೊರತು ಟೇಬಲ್ ಎಷ್ಟು ಸರಿಯಿತೆಂಬುದನ್ನಲ್ಲ. ಹಳೆಯ ಸ್ಕ್ರೂವನ್ನೇ ಉಳಿಸಿಕೊಂಡರೆ, ಎಷ್ಟೇ ಬೆಲೆಯ ಮೋಟಾರು ಕೂರಿಸಿದರೂ, ನೀವು ಕತ್ತರಿಸಿದ ವೃತ್ತದಲ್ಲಿ ಅಕ್ಷಗಳು ದಿಕ್ಕು ಬದಲಿಸುವ ನಾಲ್ಕು ಕಡೆ ಗುರುತು ಬಿದ್ದೇ ಬೀಳುತ್ತದೆ. ಟೂಲ್‌ರೂಮಿನವರಾದ ನಿಮಗೆ ಇದನ್ನು ಹೇಳಬೇಕಾಗಿಲ್ಲ; ಆದರೂ ಮೋಟಾರಿನ ಮೋಹದಲ್ಲಿ ಮರೆತುಹೋಗುವ ಮಾತು ಇದೇ. ಪ್ರೀಲೋಡ್ ಇರುವ, ಅಂದರೆ ಸಡಿಲ ಉಳಿಯದಂತೆ ಬಿಗಿಗೊಳಿಸಿದ ನಟ್ಟಿನ ಬಾಲ್ ಸ್ಕ್ರೂ (ನಟ್ಟಿನೊಳಗೆ ಗುಂಡುಗಳ ಮೇಲೆ ಉರುಳುವ ಸ್ಕ್ರೂ) ಹಾಗೂ ಅದರ ತುದಿಗೆ ಉದ್ದದ ದಿಕ್ಕಿನ ಒತ್ತಡ ತಡೆಯುವ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್‌ಗಳು, ಇವುಗಳಿಗೆ ಹಣ ತೆಗೆದಿಟ್ಟು ಉಳಿದುದರಲ್ಲಿ ಸರ್ವೋ ನೋಡಿ.

ಇನ್ನು ವ್ಯಾಟ್. 3000 ಆರ್‌ಪಿಎಂನ 400 ವ್ಯಾಟ್ ಸರ್ವೋ ನಿರಂತರವಾಗಿ ಕೊಡುವ ಟಾರ್ಕ್ (ತಿರುಗಿಸುವ ಬಲ) ಸುಮಾರು 1.27 ನ್ಯೂಟನ್ ಮೀಟರ್. 5 ಮಿ.ಮೀ. ಪಿಚ್‌ನ, ಶೇಕಡಾ 90 ದಕ್ಷತೆಯ ಬಾಲ್ ಸ್ಕ್ರೂ ಅದನ್ನು ಸುಮಾರು 1,430 ನ್ಯೂಟನ್, ಅಂದರೆ 145 ಕಿಲೋ ತೂಕದಷ್ಟು ತಳ್ಳುವ ಬಲವನ್ನಾಗಿ ಮಾಡುತ್ತದೆ. ನಿಮ್ಮಂಥ ಯಂತ್ರದಲ್ಲಿ 10 ಮಿ.ಮೀ. ಎಂಡ್ ಮಿಲ್ ಮೈಲ್ಡ್ ಸ್ಟೀಲ್ ಕತ್ತರಿಸುವಾಗ ಬೇಕಾಗುವುದು ಸಾಮಾನ್ಯವಾಗಿ ಕೆಲವು ನೂರು ನ್ಯೂಟನ್ ಮಾತ್ರ. ಆದ್ದರಿಂದ ಎಕ್ಸ್ ಮತ್ತು ವೈ ಅಕ್ಷಗಳಿಗೆ 400 ವ್ಯಾಟ್ ಧಾರಾಳವಾಗಿ ಸಾಕು. 1 ಕಿಲೋವ್ಯಾಟ್ ಮೋಟಾರನ್ನು ಚಿಕ್ಕ ಟೇಬಲ್ಲಿನ ತುದಿಗೆ ತೂಗುಹಾಕಿದರೆ ಲಾಭವಾಗುವುದು ಮಾರಿದವರಿಗೆ.

ಬಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಜಡತ್ವ, ಅಂದರೆ ವೇಗ ಬದಲಿಸಲು ಹೊರೆ ಒಡ್ಡುವ ವಿರೋಧ. ಹೊರೆಯ ಜಡತ್ವ ಮೋಟಾರಿನ ರೋಟರಿನದಕ್ಕಿಂತ ಬಹಳ ಪಟ್ಟು ಹೆಚ್ಚಿದ್ದರೆ ಡ್ರೈವನ್ನು ಟ್ಯೂನ್ ಮಾಡುವುದು ಕಷ್ಟವಾಗಿ ಟೇಬಲ್ ನಡುಗತೊಡಗುತ್ತದೆ. ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ: ನಿಮ್ಮ 60 ಕಿಲೋ ಟೇಬಲ್ 5 ಮಿ.ಮೀ. ಪಿಚ್‌ನ ಮೂಲಕ ಮೋಟಾರಿಗೆ ತೋರುವ ಜಡತ್ವಕ್ಕಿಂತ 20 ಮಿ.ಮೀ. ದಪ್ಪ, ಅರ್ಧ ಮೀಟರ್ ಉದ್ದದ ಸ್ಕ್ರೂವಿನ ಜಡತ್ವವೇ ಹೆಚ್ಚು. ಜಡತ್ವ ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ, ಗಟ್ಟಿಯಾಗಿರಲೆಂದು 32 ಮಿ.ಮೀ. ಸ್ಕ್ರೂ ಹಾಕಿದರೆ ಅದು ಆರು ಪಟ್ಟಿಗೂ ಮೀರುತ್ತದೆ. 20 ಮಿ.ಮೀ.ನಲ್ಲೇ ನಿಲ್ಲಿ. ಟೈಮಿಂಗ್ ಬೆಲ್ಟಿನಿಂದ ವೇಗವನ್ನು ಅರ್ಧಕ್ಕಿಳಿಸಿದರೆ ಮೋಟಾರಿಗೆ ಕಾಣುವ ಹೊರೆಯ ಜಡತ್ವ ಕಾಲು ಭಾಗಕ್ಕಿಳಿಯುತ್ತದೆ; ಮೋಟಾರನ್ನು ಪಕ್ಕಕ್ಕೆ ಮಡಚಿ ಕೂರಿಸಲೂ ಬರುತ್ತದೆ.

ಮೇಲೆ ಕೆಳಗೆ ಸರಿಯುವ ಝಡ್ ಅಕ್ಷಕ್ಕೆ ಮಾತ್ರ ಬ್ರೇಕ್ ಇರುವ 750 ವ್ಯಾಟ್ ಮೋಟಾರು ತೆಗೆದುಕೊಳ್ಳಿ. ಹಳೆಯ ಸ್ಕ್ರೂ ತಾನಾಗಿ ತಿರುಗುತ್ತಿರಲಿಲ್ಲ. ಬಾಲ್ ಸ್ಕ್ರೂ ಹಾಗಲ್ಲ, ಕರೆಂಟು ಹೋದ ಕ್ಷಣದಲ್ಲಿ ಸ್ಪಿಂಡಲ್ ತಲೆ ಕೆಲಸದ ಮೇಲೆ ಇಳಿದುಬಿಡುತ್ತದೆ. ಈ ಬ್ರೇಕ್ ನಿಂತದ್ದನ್ನು ಹಿಡಿದಿಡಲು ಇರುವುದೇ ಹೊರತು ಓಡುತ್ತಿರುವುದನ್ನು ನಿಲ್ಲಿಸಲು ಅಲ್ಲ.

ನಿಮ್ಮ ಯೋಜನೆಯ ನಿಜವಾದ ಇಕ್ಕಟ್ಟು ಪ್ಯಾರಲಲ್ ಪೋರ್ಟ್. ಯಂತ್ರ ನಡೆಸುವ ಮ್ಯಾಕ್3 ತಂತ್ರಾಂಶ ಆ ಪೋರ್ಟಿನಿಂದ ಸಾಮಾನ್ಯವಾಗಿ ಸೆಕೆಂಡಿಗೆ 25,000 ಪಲ್ಸ್ (ಒಂದು ಹೆಜ್ಜೆ ಸರಿ ಎನ್ನುವ ವಿದ್ಯುತ್ ಸಂಕೇತ) ಕೊಡುತ್ತದೆ. ಪಲ್ಸಿಗೆ ಎಷ್ಟು ಸರಿಯಬೇಕೆಂದು ನಿರ್ಧರಿಸುವ ಡ್ರೈವಿನ ಎಲೆಕ್ಟ್ರಾನಿಕ್ ಗೇರನ್ನು ಒಂದು ಪಲ್ಸಿಗೆ 1 ಮೈಕ್ರಾನ್ ಎಂದು ಹೊಂದಿಸಿದರೆ ಟೇಬಲ್ಲಿನ ಗರಿಷ್ಠ ವೇಗ ನಿಮಿಷಕ್ಕೆ 1.5 ಮೀಟರ್, ಆಗ ಸ್ಕ್ರೂ 300 ಆರ್‌ಪಿಎಂನಲ್ಲಷ್ಟೇ ತಿರುಗುತ್ತಿರುತ್ತದೆ. ಇಷ್ಟಕ್ಕೆ ಹೆಜ್ಜೆಹೆಜ್ಜೆಯಾಗಿ ತಿರುಗುವ, ಸರಳವಾದ ಸ್ಟೆಪ್ಪರ್ ಮೋಟಾರು ಕೂಡ ಆಗುತ್ತಿತ್ತು. ಪಲ್ಸಿಗೆ 2.5 ಮೈಕ್ರಾನ್ ಮಾಡಿದರೆ 3.75 ಮೀಟರ್ ಸಿಗುತ್ತದೆ, ಮನೆಯ ಕೆಲಸಕ್ಕೆ ಅದು ಸಾಲದೇನಲ್ಲ. ಸರ್ವೋದ ಪೂರ್ಣ ಲಾಭ ಬೇಕೆಂದರೆ ಪಲ್ಸನ್ನು ತಾನೇ ಹುಟ್ಟಿಸುವ, ಈಥರ್ನೆಟ್ಟಿನಿಂದ ಜೋಡಿಸುವ ಮೋಷನ್ ಕಾರ್ಡ್ ಕೊಳ್ಳಿ.

ಡ್ರೈವ್ ಮತ್ತು ಮೋಟಾರನ್ನು ಒಂದೇ ಕಂಪನಿಯ, ಒಂದೇ ಸರಣಿಯ ಜೋಡಿಯಾಗಿ, ಕೇಬಲ್ ಸಹಿತ ತೆಗೆದುಕೊಳ್ಳಿ. ಒಬ್ಬೊಬ್ಬರ ಎನ್‌ಕೋಡರ್ ಭಾಷೆ ಒಂದೊಂದು. ನಾನೇ ಒಮ್ಮೆ ಗುಜರಿಯಲ್ಲಿ ಹೊಸದರಂತಿದ್ದ ಮೋಟಾರೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು, ಅದರ ಮಾತು ತಿಳಿಯುವ ಡ್ರೈವ್ ಸಿಗದೆ, ಈಗ ಕಾಗದದ ಮೇಲೆ ಭಾರಕ್ಕೆ ಇಟ್ಟುಕೊಂಡಿದ್ದೇನೆ. ಈ ಗಾತ್ರದ ಡ್ರೈವ್‌ಗಳಲ್ಲಿ 230 ವೋಲ್ಟ್ ಸಿಂಗಲ್ ಫೇಸ್‌ನಲ್ಲೇ ನಡೆಯುವಂಥವು ಸುಲಭವಾಗಿ ಸಿಗುತ್ತವೆ. ಅರ್ಥಿಂಗ್ ಮಾತ್ರ ಸರಿಯಾಗಿರಲಿ, ಎನ್‌ಕೋಡರ್ ತಂತಿ ಮೋಟಾರಿನ ಪವರ್ ತಂತಿಯಿಂದ ದೂರ ಹಾಯಲಿ. ಸ್ವಿಚ್ ಆರಿಸಿದ ಮೇಲೂ ಡ್ರೈವಿನ ಒಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಕೆಲವು ನಿಮಿಷ ಉಳಿದಿರುತ್ತದೆ. ಚಾರ್ಜ್ ದೀಪ ಆರುವ ತನಕ ಟರ್ಮಿನಲ್ ಮುಟ್ಟಬೇಡಿ.