ಒಂದೇ ಊರು, ಮೂರು ಸ್ವಾತಂತ್ರ್ಯ ದಿನ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನವೆಂಬರ್ 1ಕ್ಕೆ ಪುದುಚೇರಿಯಲ್ಲಿದ್ದೆ. ಬೀಚ್ ರಸ್ತೆಯಲ್ಲಿ ಧ್ವಜ, ಪೊಲೀಸ್ ಪರೇಡು. 'ಇಲ್ಲೂ ರಾಜ್ಯೋತ್ಸವವಾ?' ಎಂದು ಕೇಳಿ ನಗೆಪಾಟಲಾದೆ. ಆಗಸ್ಟ್ 15ರ ಜೊತೆಗೆ 16ನ್ನೂ ಆಚರಿಸುತ್ತಾರಂತೆ. ಫ್ರೆಂಚರು ಹೋಗಿದ್ದಾದರೂ ಯಾವತ್ತು?"

ನೀವು ಕೇಳಿದ್ದರಲ್ಲಿ ನಗುವಂಥದ್ದೇನೂ ಇಲ್ಲ ಸ್ವಾಮಿ. ತಾರೀಖು ನಮ್ಮದೇ, ವರ್ಷ ಮಾತ್ರ ಎರಡು ಹಿಂದೆ. 1954ರ ನವೆಂಬರ್ 1ರಂದು ಫ್ರೆಂಚರು ಆಡಳಿತವನ್ನು ಭಾರತದ ಕೈಗೆ ಕೊಟ್ಟರು. ಆದರೆ ಕೊಟ್ಟಿದ್ದು ಬೀಗದ ಕೈ ಮಾತ್ರ, ಮನೆಯ ಪತ್ರ ಇನ್ನೂ ಅವರ ಹೆಸರಿನಲ್ಲೇ ಇತ್ತು! ಒಪ್ಪಂದಕ್ಕೆ ಸಹಿ ಬಿದ್ದಿದ್ದು 1956ರ ಮೇನಲ್ಲಿ. ಅದಕ್ಕೆ ಪ್ಯಾರಿಸ್ಸಿನ ಸಂಸತ್ತು ಒಪ್ಪಬೇಕಿತ್ತು. ಆಗ ಫ್ರೆಂಚರ ಕೈಯಲ್ಲೇ ಇದ್ದ ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ. ಇನ್ನೊಂದು ನೆಲ ಬಿಟ್ಟುಕೊಡುವ ಮಾತನ್ನು ಅಲ್ಲಿ ಎತ್ತೋರು ಯಾರು? 1962ರ ಜುಲೈನಲ್ಲಿ ಅಲ್ಜೀರಿಯಾ ಸ್ವತಂತ್ರವಾಯಿತು, ಆಗಸ್ಟ್ 16ಕ್ಕೆ ಪುದುಚೇರಿಯ ಪತ್ರವೂ ನಮ್ಮದಾಯಿತು.

ಹಾಗಂತ ಫ್ರೆಂಚರು ಸುಮ್ನೆ ಕೊಟ್ಟು ಹೋದರು ಅಂದುಕೊಳ್ಳಬೇಡಿ. 1936ರಲ್ಲೇ ಅಲ್ಲಿ ಮುಷ್ಕರ ಹೂಡಿದ್ದ ಗಿರಣಿ ಕಾರ್ಮಿಕರ ಮೇಲೆ ಗುಂಡು ಹಾರಿತ್ತು, ಹನ್ನೆರಡು ಮಂದಿ ಸತ್ತರು. 1954ರ ಮೇನಲ್ಲಿ ವಿಯೆಟ್ನಾಂನ ದಿಯೆನ್ ಬಿಯೆನ್ ಫುನಲ್ಲಿ ಸೋತ ಮೇಲೆ ಪ್ಯಾರಿಸ್ಸಿನ ಹಟವೂ ಸಡಿಲವಾಯಿತು. ಅಕ್ಟೋಬರ್ 18ರಂದು ಕೀಳೂರು ಅನ್ನೋ ಹಳ್ಳಿಯಲ್ಲಿ 178 ಜನಪ್ರತಿನಿಧಿಗಳು ಮತ ಹಾಕಿದರು. 170 ಮಂದಿ ಭಾರತಕ್ಕೆ, 8 ಮಂದಿ ಬೇಡವೆಂದು. ನೀವು ಓಡಾಡಿದ ಬೀಚ್ ರಸ್ತೆಗೆ ಗೂಬೆರ್ ಹೆಸರಿದೆ, ಅಲ್ವಾ? ಮೊದಲು ಫ್ರೆಂಚರ ಪಕ್ಕ ನಿಂತು, ಆ ವರ್ಷ ಈ ಕಡೆ ಜಿಗಿದ ರಾಜಕಾರಣಿ ಅವರು. ಜಿಗಿದಿದ್ದಕ್ಕೆ ಸಮುದ್ರದ ಪಕ್ಕದ ರಸ್ತೆಯೇ ಸಿಕ್ಕಿತು. ಮೊದಲಿಂದ ಹೋರಾಡಿದವರಿಗೆ ಅಷ್ಟು ಒಳ್ಳೆಯ ಗಾಳಿ ಸಿಗಲಿಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು 1962ರ ಆಗಸ್ಟ್ 16ರಿಂದ ಶುರುವಾದ ಆರು ತಿಂಗಳು. ಅಲ್ಲಿ ಹುಟ್ಟಿ ಅಲ್ಲೇ ಇದ್ದ ಫ್ರೆಂಚ್ ಪ್ರಜೆ ಏನೂ ಮಾಡದಿದ್ದರೆ ಭಾರತೀಯ. ಫ್ರೆಂಚನಾಗಿಯೇ ಉಳಿಯಬೇಕಾದರೆ ಅಷ್ಟರೊಳಗೆ ಬರೆದು ಕೊಡಬೇಕು. ಮನೆಯೊಳಗೇ ಅಣ್ಣ ಒಂದು ದೇಶ, ತಮ್ಮ ಇನ್ನೊಂದು ದೇಶ ಆಗಲು ಒಂದು ಹಾಳೆ ಸಾಕಿತ್ತು. ಫ್ರೆಂಚ್ ಸೈನ್ಯದಲ್ಲಿ ದುಡಿದ ತಮಿಳರನ್ನು ಊರಲ್ಲಿ 'ಸೋಲ್ದಾ' ಅನ್ನುತ್ತಾರೆ. ಅವರಿಗೆ ಪಿಂಚಣಿ ಫ್ರಾನ್ಸಿನಿಂದ. ಫ್ರಾನ್ಸಿನ ರಾಷ್ಟ್ರೀಯ ದಿನವಾದ ಜುಲೈ 14 ಬಂತೆಂದರೆ ಪದಕ ಧರಿಸಿಕೊಂಡು ಯುದ್ಧ ಸ್ಮಾರಕಕ್ಕೆ ಬರುತ್ತಾರೆ. ಪೊಲೀಸರ ತಲೆಯ ಮೇಲೆ ಈಗಲೂ ಫ್ರೆಂಚರ ಕಾಲದ ಕೆಂಪು ಟೋಪಿ.

ಕೇರಳದ ನಡುವೆ ಇದ್ದರೂ ಪುದುಚೇರಿಗೇ ಸೇರಿದ, ನಮಗೆ ಹತ್ತಿರದ ಮಾಹೆಯದು ಬೇರೆಯೇ ತಾರೀಖು. ಅಲ್ಲಿಂದ ಫ್ರೆಂಚರು 1954ರ ಜುಲೈನಲ್ಲೇ ಜಾಗ ಖಾಲಿ ಮಾಡಿದ್ದರು. ಮಂಗಳೂರಿನ ಕಡೆಯಿಂದ ರೈಲಿನಲ್ಲಿ ಹೋದರೆ ತಲಶ್ಶೇರಿ ದಾಟಿದ ಮೇಲೆ ಮಾಹೆ ಎಂಬ ಬೋರ್ಡು ಕಾಣುತ್ತದೆ. ಮಾಹೆ ಬಂತು ಅಂತ ಇಳಿದೀರಿ, ಆ ಸ್ಟೇಷನ್ ಇರುವುದು ಕೇರಳದ ಅಳಿಯೂರಿನಲ್ಲಿ.

— ಸಂ.