ಬೇಸಿಗೆಯಲ್ಲೂ ಕಂಬಳಿ ಹೊದೆಯುವ ಅಮ್ಮ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾರ್ಮೋನಿನವು. ಓದುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಪ್ರಶ್ನೆ ಒಂದು ಕಡೆ ಇರುತ್ತದೆ, ಉತ್ತರ ಅದೇ ಪತ್ರದ ಕೊನೆಯಲ್ಲಿ, "ಅಂದ ಹಾಗೆ" ಅನ್ನುವ ಸಾಲಿನಲ್ಲಿ ಸುಮ್ನೆ ಕೂತಿರುತ್ತದೆ. ಹಾಗಾಗಿ ಪತ್ರಗಳನ್ನು ಜಾಸ್ತಿ ಕತ್ತರಿಸಿಲ್ಲ. ಹೆಸರು ಮಾತ್ರ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ 52 ವರ್ಷ. ಯಾವಾಗಲೂ ಸುಸ್ತು. ಏಪ್ರಿಲ್‌ನಲ್ಲೂ ಕಂಬಳಿ ಹೊದ್ದು ಬಚ್ಚಲ ಒಲೆ ಮುಂದೆ ಕೂರುತ್ತಾರೆ. ಮುಖ ಬಿಳಿಚಿಕೊಂಡಿದೆ, ಬಿ.ಪಿ. ಕಡಿಮೆ. ಎರಡು ಸಲ ವಾಂತಿಯಾಗಿ, ಸೋಡಿಯಂ ಇಳಿದು, ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಸೇರಿಸಿದ್ದೆವು. ಟಿಎಸ್‌ಎಚ್ ನಾರ್ಮಲ್ ಇದೆ, ಥೈರಾಯ್ಡ್ ಏನೂ ಇಲ್ಲ ಅಂದರು. ಟಾನಿಕ್ ನಡೀತಾ ಇದೆ. ಅಂದ ಹಾಗೆ, ತಮ್ಮ ಹುಟ್ಟಿದ ಮೇಲೆ, ಅಂದರೆ 26 ವರ್ಷದಿಂದ, ಅವರಿಗೆ ಮುಟ್ಟಾಗಿಲ್ಲ. ಮನೆಯಲ್ಲೇ ಹೆರಿಗೆ ಆಗಿದ್ದು, ತುಂಬಾ ರಕ್ತ ಹೋಗಿತ್ತಂತೆ. ತಮ್ಮ ದನದ ಹಾಲು ಕುಡಿದೇ ಬೆಳೆದವನು.
– ಹೊಸನಗರ ತಾಲ್ಲೂಕಿನ ಓದುಗಿ

ಉತ್ತರ: ತಂಗಿ, ನಿಮ್ಮ ಕೊನೆಯ ಮೂರು ಸಾಲನ್ನು ನಾನು ನಾಲ್ಕು ಸಲ ಓದಿದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಎದೆಹಾಲು ಬರಲಿಲ್ಲ, ಆಮೇಲೆ ಮುಟ್ಟೇ ಆಗಲಿಲ್ಲ. ಈ ಮೂರೂ ಒಟ್ಟಿಗೆ ಬಂದರೆ ಮೊದಲು ನೆನಪಾಗುವುದು ಶೀಹನ್ ಸಿಂಡ್ರೋಮ್. ಹೆರಾಲ್ಡ್ ಶೀಹನ್ ಎಂಬ ಬ್ರಿಟಿಷ್ ವೈದ್ಯರು 1937ರಲ್ಲಿ ಇದನ್ನು ವಿವರಿಸಿದರು.

ಮೆದುಳಿನ ಬುಡದಲ್ಲಿ ಕಡಲೆ ಕಾಳಿನಷ್ಟು ದೊಡ್ಡ ಗ್ರಂಥಿ ಇದೆ, ಪಿಟ್ಯುಟರಿ ಅಂತ. ಥೈರಾಯ್ಡ್, ಕಿಡ್ನಿಯ ಮೇಲೆ ಕೂತ ಅಡ್ರಿನಲ್, ಅಂಡಾಶಯ ಎಲ್ಲದಕ್ಕೂ ಕೆಲಸ ಹೇಳುವುದು ಇದೇ. ಬಸುರಿಯಲ್ಲಿ ಇದು ಊದಿಕೊಳ್ಳುತ್ತದೆ, ರಕ್ತ ಜಾಸ್ತಿ ಬೇಡುತ್ತದೆ. ಅಂಥ ಹೊತ್ತಲ್ಲಿ ರಕ್ತ ಹರಿದುಹೋಗಿ ಬಿ.ಪಿ. ಕುಸಿದರೆ ಗ್ರಂಥಿಯ ಬಹುಪಾಲು ಅಲ್ಲೇ ಸತ್ತುಹೋಗಬಹುದು. ಹೆಂಗಸು ಬದುಕುತ್ತಾಳೆ, ಎದ್ದು ಓಡಾಡುತ್ತಾಳೆ, ಆದರೆ ಹಾಲು ಬರಿಸುವ ಹಾರ್ಮೋನು ಇಲ್ಲ, ಮುಟ್ಟು ತರಿಸುವುದೂ ಇಲ್ಲ, ಥೈರಾಯ್ಡನ್ನು ಎಬ್ಬಿಸುವುದೂ ಇಲ್ಲ, ಕಷ್ಟ ಬಂದಾಗ ಮೈಯನ್ನು ನಿಲ್ಲಿಸುವ, ಅಡ್ರಿನಲ್ ಮಾಡುವ ಕಾರ್ಟಿಸಾಲ್ ಕೂಡ ಸಾಕಷ್ಟಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳ ತುಂಬಿ, ಜೀಪು ಬಾರದೆ, ಮನೆಯಲ್ಲೇ ಹೆರಿಗೆಯಾದ ಕಾಲವೊಂದಿತ್ತು ನೋಡಿ, ಆ ಕಾಲದ ಬಾಣಂತಿಯರು ಈಗ ಐವತ್ತು ಅರವತ್ತರ ಆಸುಪಾಸಿನಲ್ಲಿದ್ದಾರೆ. "ಬಾಣಂತನ ಸರಿ ಆಗಲಿಲ್ಲ, ಅದಕ್ಕೇ ಮೈಯಲ್ಲಿ ಶಕ್ತಿ ಇಲ್ಲ" ಅಂತ ಅತ್ತೆಯನ್ನೋ ಅಮ್ಮನನ್ನೋ ದೂರುತ್ತಾ ದಿನ ತಳ್ಳಿರುತ್ತಾರೆ. ಎಷ್ಟೇ ಎಣ್ಣೆ ಸ್ನಾನ, ಲೇಹ್ಯ ಮಾಡಿಸಿದ್ದರೂ ಸತ್ತ ಗ್ರಂಥಿ ಬದುಕುತ್ತಿರಲಿಲ್ಲ. ಅಜ್ಜಿಯ ತಪ್ಪಲ್ಲ ಅದು.

ಇನ್ನು ಟಿಎಸ್‌ಎಚ್. ಅದು ಥೈರಾಯ್ಡಿನ ಹಾರ್ಮೋನಲ್ಲ, ಥೈರಾಯ್ಡಿಗೆ ಪಿಟ್ಯುಟರಿ ಕಳಿಸುವ ಹುಕುಂ. ಹುಕುಂ ಬರೆಯುವವನೇ ಕೆಟ್ಟಿರುವಾಗ ಬರೀ ಹುಕುಂ ನೋಡಿದರೆ ಏನು ಗೊತ್ತಾಗುತ್ತದೆ? ಅಮ್ಮನಿಗೆ ಫ್ರೀ ಟಿ4 (ಥೈರಾಯ್ಡಿನದೇ ಹಾರ್ಮೋನು), ಬೆಳಗ್ಗೆ 8 ಗಂಟೆಯ ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್ (ಹಾಲು ಬರಿಸುವುದು), ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಪಿಟ್ಯುಟರಿಯ ಹುಕುಂ) ಮಾಡಿಸಬೇಕು. ಎಫ್‌ಎಸ್‌ಎಚ್ ಮುಖ್ಯ. ಸಹಜವಾಗಿ ಮುಟ್ಟು ನಿಂತವರಲ್ಲಿ ಅದು ಏರಿರುತ್ತದೆ. 52ರಲ್ಲಿ, ಮುಟ್ಟಿಲ್ಲದ ಹೆಂಗಸಿನಲ್ಲಿ ಅದು ಕಡಿಮೆ ಇದ್ದರೆ ಪಿಟ್ಯುಟರಿ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಎಂಆರ್‌ಐ.

ಕಾಯಿಲೆ ಅದೇ ಅಂತಾದರೆ ಚಿಕಿತ್ಸೆ ಸುಲಭ, ಮಾತ್ರೆಗಳೂ ದುಬಾರಿಯಲ್ಲ. ಆದರೆ ಕ್ರಮ ತಪ್ಪಬಾರದು. ಮೊದಲು ಸ್ಟಿರಾಯ್ಡ್, ಅಂದರೆ ಕಾರ್ಟಿಸಾಲ್ ಬದಲಿಗೆ ಕೊಡುವ ಮಾತ್ರೆ, ಆಮೇಲೆ ಥೈರಾಯ್ಡ್ ಮಾತ್ರೆ. ಉಲ್ಟಾ ಮಾಡಿದರೆ ಇರುವ ಚೂರುಪಾರು ಕಾರ್ಟಿಸಾಲೂ ಬೇಗ ಖರ್ಚಾಗಿ ಜೀವಕ್ಕೆ ಅಪಾಯ. ಜ್ವರ ಬಂದ ದಿನ ಸ್ಟಿರಾಯ್ಡ್ ಡೋಸ್ ಎರಡು ಪಟ್ಟು ಮಾಡಲು ಹೇಳುತ್ತಾರೆ, ವಾಂತಿಯಾದರೆ ಇಂಜೆಕ್ಷನ್ನೇ ಬೇಕು. "ಇವರು ಸ್ಟಿರಾಯ್ಡ್ ಮೇಲಿದ್ದಾರೆ" ಅಂತ ಬರೆದ ಚೀಟಿ ಅಮ್ಮನ ಪರ್ಸಿನಲ್ಲಿರಲಿ. ಈ ವಾರವೇ ಹೋಗಿ, ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ನಾನು ನೋಡದೆ ಹೇಳುತ್ತಿದ್ದೇನೆ, ತಪ್ಪಿದ್ದರೂ ಇರಬಹುದು. ಆದರೆ ಎರಡು ಸಲ ಸೋಡಿಯಂ ಇಳಿದವರು ಮೂರನೇ ಸಲಕ್ಕೆ ಕಾಯಬಾರದು.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, 58 ವರ್ಷ. ಎರಡು ವರ್ಷದಿಂದ ಮುಖ ಚಂದ್ರನ ಹಾಗೆ ದುಂಡಗಾಗಿದೆ, ಹೊಟ್ಟೆ ಬಂದಿದೆ, ಕೈಕಾಲು ಮಾತ್ರ ಸಣಕಲು. ಚರ್ಮ ಮುಟ್ಟಿದರೆ ನೀಲಿಗಟ್ಟುತ್ತದೆ. ಶುಗರ್ ಬೇರೆ ಶುರುವಾಗಿದೆ. ಮೊಬೈಲಿನಲ್ಲಿ ನೋಡಿದರೆ ಕುಶಿಂಗ್ ಗಡ್ಡೆ ಅಂತ ಬಂತು, ನಿದ್ದೆ ಹೋಗಿದೆ. ಬೇರೆ ಔಷಧಿ ಏನೂ ಇಲ್ಲ, ಮಂಡಿನೋವಿಗೆ ಸಂತೆಯಲ್ಲಿ ಸಿಗುವ ಒಂದು ಪುಡಿ ಬಿಟ್ಟರೆ. ಅದನ್ನು ತಗೊಂಡ ಮೂರೇ ದಿನಕ್ಕೆ ನೋವು ಮಾಯ. ಬಿಟ್ಟರೆ ಹಾಸಿಗೆಯಿಂದ ಏಳಲಾಗುವುದಿಲ್ಲ.
– ಸಾಗರದ ಓದುಗರು

ಉತ್ತರ: ಗಡ್ಡೆ ಬದಿಗಿರಲಿ ಮಾರಾಯ್ರೇ, ಮೊದಲು ಆ ಪುಡಿಯ ವಿಷಯ ಮಾತಾಡೋಣ. ಹಾರ್ವೆ ಕುಶಿಂಗ್ 1932ರಲ್ಲಿ ಬರೆದ ಪಿಟ್ಯುಟರಿ ಗಡ್ಡೆ ಬಹಳ ಅಪರೂಪ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ಇದೇ ರೂಪ ಹೊರಗಿನಿಂದ ತಗೊಂಡ ಸ್ಟಿರಾಯ್ಡಿನಿಂದ ಬರುವುದೇ ಜಾಸ್ತಿ. ಮೂರು ದಿನಕ್ಕೆ ಮಂಡಿನೋವು ಮಾಯ ಮಾಡುವ ಬೇರು ನಮ್ಮ ಕಾಡಿನಲ್ಲಿದ್ದಿದ್ದರೆ ನಾನೇ ಮೊದಲು ಅಗೆಯುತ್ತಿದ್ದೆ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಚುಚ್ಚಿದಾಗಲೂ ಆದದ್ದು ಇದೇ ಪವಾಡ, ಏಳಲಾರದ ಹೆಂಗಸು ಕೆಲವೇ ದಿನದಲ್ಲಿ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್ ಕೂಡ ಬಂತು. ದುಂಡುಮುಖ, ಶುಗರ್, ಸವೆದ ಎಲುಬು ಇವೆಲ್ಲ ಆಮೇಲೆ ಬಂದ ಬಿಲ್ಲು. ಹಳ್ಳಿ ಔಷಧಿ ಕೊಡುವ ಎಲ್ಲರೂ ಸ್ಟಿರಾಯ್ಡ್ ಬೆರೆಸುತ್ತಾರೆ ಅಂತಲ್ಲ, ಆದರೆ ಲೇಬಲ್ಲಿಲ್ಲದ ಪೊಟ್ಟಣಕ್ಕೆ ಯಾರು ಜವಾಬ್ದಾರಿ?

ಈಗ ನಿಮಗೆ ಸಿಟ್ಟು ಬಂದು ಪುಡಿಯನ್ನು ತಿಪ್ಪೆಗೆ ಎಸೆಯಬೇಕು ಅನ್ನಿಸುತ್ತದೆ. ಎಸೆಯಬೇಡಿ. ಎರಡು ವರ್ಷ ಹೊರಗಿನ ಊಟ ಸಿಕ್ಕ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ, ಬಿಟ್ಟ ದಿನ ಏಳಲಾಗದ್ದು ಅದಕ್ಕೇ ಇರಬಹುದು. ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ. ರಕ್ತದಲ್ಲಿ ಕಾರ್ಟಿಸಾಲ್ ತೀರಾ ಕಡಿಮೆ ಬಂದರೆ ಕಳ್ಳ ಪುಡಿ, ಜಾಸ್ತಿ ಬಂದರೆ ಆಗ ಗಡ್ಡೆ ಹುಡುಕೋಣ. ಗೊತ್ತಿರುವ ಸ್ಟಿರಾಯ್ಡನ್ನು ಗೊತ್ತಿರುವ ಅಳತೆಯಲ್ಲಿ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಆ ಹೊತ್ತಿಗೆ ಮಂಡಿ ನೋಯುತ್ತದೆ, ಬೈದುಕೊಳ್ಳಿ, ಆದರೆ ಸಂತೆಗೆ ಹೋಗಬೇಡಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ಕಾಫಿ ಜೊತೆ ನುಂಗಬಹುದಾ? ಟಿಎಸ್‌ಎಚ್ ಒಂದು ಸಲ 4, ಇನ್ನೊಂದು ಸಲ 11.
– ತೀರ್ಥಹಳ್ಳಿ

ಉತ್ತರ: ಬೇಡ. ಟಿಎಸ್‌ಎಚ್ ಹೀಗೆ ಏರಿಳಿಯುವುದು ಅದಕ್ಕೇ ಇರಬಹುದು. ಖಾಲಿ ಹೊಟ್ಟೆಗೆ ಬರೀ ನೀರು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಮಲೆನಾಡಿನವರಿಗೆ ಎದ್ದ ತಕ್ಷಣ ಕಾಫಿ ಇಲ್ಲ ಅನ್ನುವುದು ಎಂಥ ಶಿಕ್ಷೆ ಅಂತ ನನಗೂ ಗೊತ್ತು.

ಪ್ರಶ್ನೆ: ನನಗೆ 31. ಮೂರು ಸಲ ಕಿಡ್ನಿ ಕಲ್ಲು. ಬಾವಿ ನೀರು ಸರಿ ಇಲ್ಲ ಅಂತ ಫಿಲ್ಟರ್ ಹಾಕಿಸಿದ್ದೂ ಆಯ್ತು. ಹೋದ ಸಲ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ 11.6 ಇತ್ತು, ಯಾರೂ ಏನೂ ಹೇಳಲಿಲ್ಲ.
– ಕೊಪ್ಪ

ಉತ್ತರ: ಬಾವಿಗೆ ಬೈದು ಪ್ರಯೋಜನವಿಲ್ಲ. ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ 10.5 ದಾಟುವುದಿಲ್ಲ. ಮತ್ತೊಮ್ಮೆ ಕ್ಯಾಲ್ಸಿಯಂ ಮಾಡಿಸಿ, ಅದೇ ರಕ್ತದಲ್ಲಿ ಪಿಟಿಎಚ್, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಕೂಡ. ಎರಡೂ ಜಾಸ್ತಿ ಇದ್ದರೆ ಅನುಮಾನ ಪ್ಯಾರಾಥೈರಾಯ್ಡ್ ಮೇಲೆ. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿ, ಅದರಲ್ಲಿ ಒಂದು ಗಡ್ಡೆಯಾಗಿ ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತದೆ, ಅದೇ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಹೆದರಬೇಡಿ, ಹೆಚ್ಚುಕಡಿಮೆ ಯಾವಾಗಲೂ ಅದು ಕ್ಯಾನ್ಸರ್ ಅಲ್ಲ.

ಈ ಗ್ರಂಥಿಯ ಕಥೆಯಲ್ಲಿ ನಮ್ಮ ದೇಶದ ಪಾತ್ರಧಾರಿಯೂ ಉಂಟು. ಲಂಡನ್ ಮೃಗಾಲಯದಲ್ಲಿದ್ದ ಭಾರತದ ಘೇಂಡಾಮೃಗ ಸತ್ತಾಗ ರಿಚರ್ಡ್ ಓವೆನ್ ಅದನ್ನು ಕೊಯ್ದು ನೋಡಿ ಈ ಗ್ರಂಥಿಯನ್ನು ಗುರುತಿಸಿದ್ದರು. ಮನುಷ್ಯರಲ್ಲಿ ಅದನ್ನು ಸರಿಯಾಗಿ ವಿವರಿಸಿದ್ದು 1880ರಲ್ಲಿ, ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರಾಮ್. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕ್ಯಾಪ್ಟನ್ ಇದೇ ಗಡ್ಡೆಯಿಂದ ಎಲುಬು ಸವೆದು ಏಳು ಅಂಗುಲದಷ್ಟು ಕುಳ್ಳಗಾಗಿದ್ದರು. ಕುತ್ತಿಗೆಯೆಲ್ಲ ಹುಡುಕಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೇ ಆಪರೇಷನ್ನಿನಲ್ಲಿ ಸಿಕ್ಕಿತು, ಎದೆಯೊಳಗೆ! ಈಗ ಅಲ್ಟ್ರಾಸೌಂಡ್, ಸ್ಕ್ಯಾನ್ ಮಾಡಿ ಜಾಗ ನೋಡಿಕೊಂಡೇ ಕತ್ತರಿ ಹಿಡಿಯುತ್ತಾರೆ. ಅಲ್ಲಿಯ ತನಕ ನೀರು ಚೆನ್ನಾಗಿ ಕುಡಿಯಿರಿ. ಹಾಲು ಮಜ್ಜಿಗೆ ಬಿಡಬೇಡಿ.

ಪ್ರಶ್ನೆ: ನಮ್ಮ ಮನೆಯವರಿಗೆ 41. ಚಪ್ಪಲಿ 8ರಿಂದ 10ಕ್ಕೆ ಬಂದಿದೆ, ಮದುವೆ ಉಂಗುರ ಬೆರಳಿಗೆ ಹತ್ತುವುದಿಲ್ಲ, ಗೊರಕೆ ಜೋರು. ವಯಸ್ಸಿಗೆ ಮೈ ಬಂದಿದೆ ಅಷ್ಟೇ ಅನ್ನುತ್ತಾರೆ. ನಿಜವಾ?
– ಭದ್ರಾವತಿ

ಉತ್ತರ: ವಯಸ್ಸಿಗೆ ಹೊಟ್ಟೆ ಬರುತ್ತದೆ ಅಮ್ಮ, ಪಾದ ಎರಡು ಸೈಜ್ ದೊಡ್ಡದಾಗುವುದಿಲ್ಲ. ಪಿಟ್ಯುಟರಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನು ಜಾಸ್ತಿ ಬರುತ್ತಿರಬಹುದು, ಅಕ್ರೋಮೆಗಲಿ ಅಂತಾರೆ. ಐಜಿಎಫ್-1 ಅನ್ನುವ ಒಂದು ರಕ್ತಪರೀಕ್ಷೆಯಿಂದ ಶುರು ಮಾಡಿ. ಗಡ್ಡೆ ಇದ್ದರೆ ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ, ತಲೆ ತೆರೆಯುವುದಿಲ್ಲ. ಮುಖ ಬದಲಾಗಿದ್ದು ನಿಮಗೂ ಗೊತ್ತಾಗಿರುವುದಿಲ್ಲ, ದಿನಾ ನೋಡುವವರಿಗೆ ಅದು ಕಾಣುವುದಿಲ್ಲ. ಹೋಗುವಾಗ ಮದುವೆ ಆಲ್ಬಮ್ ತಗೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಬಿಚ್ಚಿಡಿ.